ಬುಕುಸು ಭಾಷೆಯಲ್ಲಿ ರಕ್ತಕ್ಕೆ ಏನನ್ನುತ್ತಾರೆ

ಕಳೆದ ತಿಂಗಳು ಬಿಡದ ಕೆಮ್ಮಿಗೆ ಹೆದರಿ ಧಾರವಾಡದ ನಮ್ಮ ಓಣಿಯ ಲ್ಯಾಬಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ, ಅದರ ಮೇಲೆ ಸ್ಪಿರಿಟ್ಟಿನ ಘಾಟು. ಕಿಂಡಿಯ ಹಿಂದೆ ಕೂತಿದ್ದ ಹುಡುಗಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ, ತುಂಬಿದ ಕೋಣೆಗೆಲ್ಲ ಕೇಳುವ ಹಾಗೆ, "ಕಫಾ ಯಾರ್ದ್ರೀ ಇದು? ಉಚ್ಚಿ ಡಬ್ಬಿ ಯಾರ್ದು? ರಕ್ತ ತಗಸೋರು ಈ ಕಡೆ ಬರ್ರೀ," ಎಂದು ಕೂಗುತ್ತಿದ್ದಳು. ದಿನವಿಡೀ ಅದೇ ಮಾತು, ಪಾಪ, ಅವಳಿಗೆಂಥ ಸಂಕೋಚ! ನಾನು ಮಾತ್ರ ಆ ಘಾಟು ಮೂಗಿಗೇರಿದ ಕ್ಷಣ ಕುರ್ಚಿಯ ಕೈ ಹಿಡಿದುಕೊಂಡೆ. "ಕಮಾಫುಕಿ," ಎಂದು ನನ್ನ ಬಾಯಿ ತಾನಾಗಿಯೇ ಅಂದುಬಿಟ್ಟಿತು. ಪಕ್ಕದ ಅಜ್ಜಿ, "ಏನಂದ್ರೀ ಬಾಯಾರ?" ಎಂದರು. "ಏನಿಲ್ರೀ, ಕೆಮ್ಮು," ಎಂದೆ.

ಅದು ಬುಕುಸು ಭಾಷೆಯ ಮಾತು. ಕೀನ್ಯಾ ದೇಶದ ಪಶ್ಚಿಮಕ್ಕೆ, ಉಗಾಂಡದ ಗಡಿಗೆ ಹತ್ತಿಕೊಂಡ ಊರುಗಳಲ್ಲಿ ಆಡುವ ಭಾಷೆ. ಅದರಲ್ಲಿ ನನಗೆ ಬರುವುದು ಇಷ್ಟೇ: ಮನುಷ್ಯನ ಮೈಯೊಳಗಿಂದ ಹೊರಗೆ ಬರುವ ದ್ರವಗಳ ಹೆಸರುಗಳು. ರಕ್ತ, ಬೆವರು, ಉಗುಳು, ಕಣ್ಣೀರು, ಕೀವು, ಸಿಂಬಳ, ಎದೆಹಾಲು. ಊಟ ಆಯಿತೇ ಎಂದು ಕೇಳಲು ಬರುವುದಿಲ್ಲ, ಬಾ ಕೂತುಕೋ ಎನ್ನಲು ಬರುವುದಿಲ್ಲ. ಇಂಥ ಚಂದದ ವಿದ್ಯೆಯನ್ನು ನಾನು ಕಲಿತದ್ದು ಕೊಲ್ಕತ್ತಾದಲ್ಲಿ, ಅದೂ ತಿಂಗಳ ಸಂಬಳ ತೆಗೆದುಕೊಂಡು.

ನನ್ನ ಗಂಡ ರೈಲ್ವೆಯ ಅಕೌಂಟ್ಸಿನಲ್ಲಿದ್ದರು. ಹುಬ್ಬಳ್ಳಿಯಿಂದ ಕೊಲ್ಕತ್ತಾಕ್ಕೆ ವರ್ಗವಾದಾಗ ಕಸ್ಬಾ ಎಂಬ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಎಲ್ಲರ ಬಾಯಲ್ಲೂ ಐಟಿ ಐಟಿ ಎನ್ನುತ್ತಿದ್ದ ಕಾಲ ಅದು. ಊರಾಚೆಯ ಸೆಕ್ಟರ್ ಫೈವಿನಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು, ಕೆಳಗೆ ಮಾತ್ರ ಮೊಣಕಾಲುದ್ದ ಕೆಸರು ಹಾಗೇ ಇತ್ತು. ಇಂಗ್ಲಿಷ್ ಬಲ್ಲವರಿಗೆಲ್ಲ ಒಂದಲ್ಲ ಒಂದು ಕೆಲಸ ಸಿಗುತ್ತಿತ್ತು. ಮದುವೆಯ ಸೀರೆಗಳ ಕೆಳಗೆ ಟ್ರಂಕಿನ ತಳ ಸೇರಿದ್ದ ನನ್ನ ಭಾಷಾವಿಜ್ಞಾನದ ಎಂ.ಎ. ಸರ್ಟಿಫಿಕೇಟು ಹೊರಬಂದದ್ದು ಹಾಗೆ. ಇಂಟರ್‌ವ್ಯೂ ಮಾಡಿದವರು ಅದನ್ನು ತಿರುಗಿಸಿ ಕೂಡ ನೋಡದೆ, ಸೋಮವಾರದಿಂದ ಬನ್ನಿ ಎಂದರು.

ಮೊದಲ ದಿನ ಸಂಜೆ ಗಂಡ ಚಹಾ ಹೀರುತ್ತ ಕೇಳಿದರು, "ಏನ್ ಕೆಲಸ ಕೊಟ್ಟಾರು ನಿನಗ?"

"ಉಗುಳು, ಸಿಂಬಳ, ಕೀವು."

"ಹಾಂ?"

"ಆಫ್ರಿಕಾದ ಭಾಷಾದಾಗ ಇವಕ್ಕೆಲ್ಲ ಏನಂತಾರ ಅಂತ ಕೇಳಿ ಕೂಡಿಸಬೇಕಂತ."

ಅವರು ಬಟ್ಟಲು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಮ್ಮಪ್ಪ ಹೊಲಾ ಮಾರಿ ಓದಿಸಿದ್ದು ಸಾರ್ಥಕಾತು ಬಿಡು," ಎಂದರು. ನಮ್ಮಪ್ಪ ಹೊಲ ಮಾರಿರಲಿಲ್ಲ, ನಮಗೆ ಹೊಲವೇ ಇರಲಿಲ್ಲ. ಆದರೂ ನನಗೂ ನಗು ಬಂತು.

ಕೆಲಸದ ಹೂರಣ ಹೀಗಿತ್ತು. ಯಾವುದೋ ದೂರದ ದೇಶದ ಆಸ್ಪತ್ರೆಗಳಿಗೆ ಕೈಯಲ್ಲಿ ಹಿಡಿಯುವ ಒಂದು ಯಂತ್ರ ತಯಾರಾಗುತ್ತಿತ್ತು. ನರ್ಸು ಇಂಗ್ಲಿಷಿನ ಶಬ್ದವನ್ನು ಒತ್ತಿದರೆ ಯಂತ್ರ ಅದನ್ನು ರೋಗಿಯ ಭಾಷೆಯಲ್ಲಿ ನುಡಿಯಬೇಕು. ಆ ಶಬ್ದಗಳನ್ನು ಕೂಡಿಸುವ ಗುತ್ತಿಗೆ ನಮ್ಮ ಕಂಪನಿಯದು. ಶಬ್ದಗಳನ್ನೆಲ್ಲ ಗಂಟು ಕಟ್ಟಿ ಹಂಚಿದ್ದರು: ಒಬ್ಬರಿಗೆ ಊಟ ತಿಂಡಿ, ಒಬ್ಬರಿಗೆ ನೆಂಟಸ್ತಿಕೆ, ಒಬ್ಬರಿಗೆ ಕೈಕಾಲು ಮೂಗು ಬಾಯಿ. ಹೊಸಬಳಾದ ನನಗೆ ಉಳಿದದ್ದು ಯಾರೂ ಮುಟ್ಟದ ಗಂಟು. ನಮ್ಮ ಟೀಮ್ ಲೀಡರ್ ಪಾರ್ಥೊದಾ ಸಭ್ಯ ಮನುಷ್ಯ, ಮೇಜಿನ ಮೇಲೆ ಸದಾ ಹೊಟ್ಟೆಯುರಿಯ ಮಾತ್ರೆ ಇಟ್ಟುಕೊಂಡಿರುತ್ತಿದ್ದರು. ಆ ಹಾಳೆಗಳನ್ನು ಅವರು ನನಗೆ ಕೊಟ್ಟದ್ದು ಬೋರಲು ಮಾಡಿ. "ದಿದಿ, ಕಿಛು ಮೊನೆ ಕೊರ್ಬೆನ್ ನಾ," ಎಂದರು. ಏನೂ ತಿಳಿದುಕೊಳ್ಳಬೇಡಿ ಎಂದು ಅದರ ಅರ್ಥ. ಆ ಊರಿನಲ್ಲಿ ಏನೇ ಕಿರಿಕಿರಿ ಕೊಡುವ ಮೊದಲು ಈ ಮಾತು ಬಂದೇ ಬರುತ್ತದೆ.

ನಾನು ಹಾಳೆ ತಿರುಗಿಸಿ ನೋಡಿದೆ. "ಬರೇ ಹೆಸರುಗಳಿವೆಯಲ್ಲ, ವಾಕ್ಯಗಳು ಎಲ್ಲಿ?"

"ವಾಕ್ಯಗಳು ಫೇಸ್ ಟು, ಮುಂದಿನ ಹಂತ, ದಿದಿ. ಈಗ ಫೇಸ್ ಒನ್, ನಾಮಪದ ಮಾತ್ರ."

"ಆಸ್ಪತ್ರೆಯಲ್ಲಿ ಮನುಷ್ಯ ಮೊದಲು ಕೇಳೋದು ನನಗೇನಾಗಿದೆ ಅಂತ. ಅದಕ್ಕೆ ಈ ಯಂತ್ರ 'ಕೀವು' ಅಂದುಬಿಟ್ಟರೆ ಅವನ ಗತಿ?"

"ಕ್ಲೈಂಟ್ ಹಾಗೇ ಬೇಕು ಅಂದಿದ್ದಾರೆ," ಎಂದು ಪಾರ್ಥೊದಾ ಮಾತ್ರೆಯ ಡಬ್ಬಿಗೆ ಕೈ ಹಾಕಿದರು. ಕ್ಲೈಂಟ್ ಅಂದರೆ ಆಗ ಮುಗಿಯಿತು, ಅದರ ಮುಂದೆ ಮಾತಿಲ್ಲ.

ಬುಕುಸು ಮಾತು ಹೇಳಿಕೊಡಲು ಬಂದವನು ವಾಫುಲಾ. ಕೊಲ್ಕತ್ತಾದ ಕಾಲೇಜೊಂದರಲ್ಲಿ ಫಾರ್ಮಸಿ ಓದುತ್ತಿದ್ದ. ಬಾಗಿಲಿಗೆ ತಲೆ ತಾಗೀತೆಂದು ಬಗ್ಗಿ ಒಳಗೆ ಬರುವಷ್ಟು ಎತ್ತರ. ಮೊದಲ ದಿನ ನೀರು ಸೋರುವ ರೇನ್‌ಕೋಟಿನಲ್ಲೇ ನಿಂತು, "ನಮ್ಮಲ್ಲಿ ಮಳೆಗಾಲದಲ್ಲಿ ಹುಟ್ಟಿದ ಗಂಡಿಗೆ ವಾಫುಲಾ ಅಂತ ಹೆಸರಿಡುತ್ತಾರೆ, ಮೇಡಂ. ಈ ಊರಿನಲ್ಲಿ ನನ್ನ ಹೆಸರು ತಿಂಗಳುಗಟ್ಟಲೆ ನಿಲ್ಲೋದೇ ಇಲ್ಲ," ಎಂದ. ನಗುತ್ತಲೇ ಮಾತು ಶುರು ಮಾಡುವ ಹುಡುಗ. ನನಗೆ ಆ ಗಳಿಗೆಯಲ್ಲೇ ಹಿಡಿಸಿಬಿಟ್ಟ.

ಧ್ವನಿಮುದ್ರಣದ ಕೋಣೆ ಅಂದರೆ ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಗೂಡು. ನಾನು ಇಂಗ್ಲಿಷಿನಲ್ಲಿ ಕೇಳುವುದು, ಅವನು ಮೈಕಿನ ಮುಂದೆ ಹೇಳುವುದು. ನೀರು ಕಮೇಚಿ, ಹಾಲು ಕಮಾಬೇಲೆ, ಕಣ್ಣೀರು ಕಮಾಸಿಕಾ, ರಕ್ತ ಕಮಾಫುಕಿ. ಹರಿಯುವುದಕ್ಕೆಲ್ಲ ಮೊದಲಿಗೆ ಹೆಚ್ಚುಕಡಿಮೆ ಅದೇ 'ಕಮಾ' ಬರುತ್ತಿದ್ದುದರಿಂದ ನನಗೆ ಬೇಗ ಬಾಯಿಗೆ ಹತ್ತಿತು. ಇಲ್ಲಿಯವರೆಗೆ ಎಲ್ಲ ಸಲೀಸು. ಪಟ್ಟಿ ಹೊಕ್ಕುಳದಿಂದ ಕೆಳಗೆ ಇಳಿದದ್ದೇ ತಡ, ವಾಫುಲಾ ಬಾಯಿ ಮುಚ್ಚಿದ.

"ಯಾಕಪ್ಪ, ಗೊತ್ತಿಲ್ಲವೇ?"

"ಗೊತ್ತಿದೆ. ನಿಮ್ಮ ಮುಂದೆ ಹೇಳಬಾರದು. ನಿಮಗೆ ಮಗಳಿದ್ದಾಳಲ್ಲವೇ?"

"ಇದ್ದಾಳೆ, ಒಂದನೇ ಕ್ಲಾಸು."

"ಹಾಗಾದರೆ ನೀವು ಯಾರಿಗೋ ಅತ್ತೆಯಾಗುವವರು. ಅತ್ತೆಯ ಜಾಗದಲ್ಲಿರುವವರ ಮುಂದೆ ಗಂಡು ಹುಡುಗ ಇಂಥ ಮಾತೆತ್ತಿದರೆ ನಮ್ಮೂರಲ್ಲಿ ಮರ್ಯಾದೆ ಹೋಗುತ್ತದೆ."

ನನಗಿನ್ನೂ ನಲವತ್ತು ಕೂಡ ಆಗಿರಲಿಲ್ಲ, ಅತ್ತೆಯ ಪಟ್ಟ ಸಿಕ್ಕಿತು. ಕೊನೆಗೆ ಒಂದು ಉಪಾಯ ಮಾಡಿದೆವು. ಇಂಗ್ಲಿಷ್ ಹಾಳೆ ಅವನ ಕೈಗೆ ಕೊಟ್ಟು, ರೆಕಾರ್ಡರ್ ಚಾಲೂ ಮಾಡಿ ನಾನು ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವನು ಒಳಗೆ ಗೋಡೆಯ ಕಡೆ ಮುಖ ಮಾಡಿ ಒಂದೊಂದೇ ಹೇಳಿ ಮುಗಿಸಿ ಗಾಜು ತಟ್ಟುತ್ತಿದ್ದ. ಆಮೇಲೆ ಅದನ್ನೆಲ್ಲ ನಾನು ಕಿವಿಗೆ ಸಿಕ್ಕಿಸಿಕೊಂಡು ಕೇಳಿ ಬರೆದುಕೊಳ್ಳಬೇಕಾಗಿತ್ತು ಎನ್ನುವುದು ಅವನಿಗೂ ಗೊತ್ತಿತ್ತು. ಆದರೆ ಎದುರಿಗೆ ಆಡಲಿಲ್ಲವಲ್ಲ, ಅಷ್ಟು ಸಾಕಾಗಿತ್ತು. ಪಾರ್ಥೊದಾ ಈ ನಾಟಕವನ್ನು ದೂರದಿಂದ ನೋಡಿ ಇನ್ನೊಂದು ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಬದಲಿಗೆ ಅವನು ನನ್ನಿಂದ ಕನ್ನಡದ ಶಬ್ದ ಕೇಳುತ್ತಿದ್ದ. ಉಗುಳು ಬೇರೆ, ಜೊಲ್ಲು ಬೇರೆ, ಎಂಜಲು ಬೇರೆ ಎಂದಾಗ ಅವನಿಗೆ ಎಂಜಲು ಮಾತ್ರ ತಲೆಗೆ ಹೋಗಲಿಲ್ಲ. ಒಂದು ಕಡೆ ಕಚ್ಚಿದ ಶಿಂಗಾಡಾವನ್ನು, ಅಂದರೆ ಅಲ್ಲಿಯ ಸಮೋಸವನ್ನು, ನನ್ನ ಮುಂದೆ ಹಿಡಿದು, "ಈಗ ಇದು ಎಂಜಲೇ?" ಎಂದ. ಹೌದು ಎಂದೆ. "ಇನ್ನೊಂದು ತುದಿ ಕೂಡ?" ಅದೂ ಹೌದು. "ಅಲ್ಲಿ ನನ್ನ ಬಾಯಿ ಹೋಗೇ ಇಲ್ಲವಲ್ಲ!" ಎಂದು ಶಿಂಗಾಡಾವನ್ನು ತಿರುಗಿಸಿ ತಿರುಗಿಸಿ ನೋಡಿದ. ಎಂ.ಎ. ಮಾಡಿದವಳು ನಾನು, ಒಂದು ಎಂಜಲನ್ನು ತಿಳಿಸಿ ಹೇಳಲು ಬರಲಿಲ್ಲ.

ಫೇಸ್ ಒನ್ ಮುಗಿಯಿತು. ಫೇಸ್ ಟು ಬರಲೇ ಇಲ್ಲ. ಕ್ಲೈಂಟ್ ಮನಸ್ಸು ಬದಲಾಯಿಸಿದ್ದಾರೆ ಎಂದು ಒಂದು ಮಧ್ಯಾಹ್ನ ಪಾರ್ಥೊದಾ ಹೇಳಿದರು, ಮರುದಿನ ನಮ್ಮನ್ನೆಲ್ಲ ವಿಮಾ ಕಂಪನಿಯೊಂದರ ಹಿಂದಿ ಪತ್ರಗಳನ್ನು ತಿದ್ದಲು ಕೂಡಿಸಿದರು. ಐಟಿ ಅಂದರೆ ಹೀಗೇ ಇರುತ್ತದೆಂದು ಎಲ್ಲರೂ ಹೆಗಲು ಕೊಡವಿಕೊಂಡರು. ನನಗೆ ಮಾತ್ರ ಸಿಟ್ಟು ಬಂದಿತ್ತು. ಅಷ್ಟು ದಿನ ಕೂತು ಕೂಡಿಸಿದ ಮಾತುಗಳು, ಒಂದನ್ನೂ ಇನ್ನೊಂದಕ್ಕೆ ಪೋಣಿಸಲಾಗದ ಹಾಗೆ, ಯಾವುದೋ ಕಂಪ್ಯೂಟರಿನಲ್ಲಿ ಉಳಿದುಬಿಟ್ಟವು.

ವಾಫುಲಾ ಆಗಾಗ ಫೋನ್ ಮಾಡುತ್ತಿದ್ದ. ಆ ಶ್ರಾವಣದಲ್ಲಿ ಒಂದು ದಿನ, "ಆಂಟಿ, ನನ್ನ ತಾಯಿ ಬಂದಿದ್ದಾಳೆ," ಎಂದ. ಮೇಡಂ ಹೋಗಿ ಆಂಟಿ ಆಗಿದ್ದೆ. ತಾಯಿಗೆ ಗರ್ಭಕೋಶದಲ್ಲಿ ಗೆಡ್ಡೆ, ವರ್ಷದಿಂದ ರಕ್ತ ಹೋಗುತ್ತಿತ್ತು. ಊರಿನಲ್ಲಿ ನಾಳೆ ನಾಡಿದ್ದು ಎನ್ನುತ್ತ ಕಾಯಿಸಿದ್ದರು. ಇಲ್ಲಿ ತಾನಿರುವಾಗಲೇ ಆಪರೇಷನ್ ಮಾಡಿಸಿ ಕಳಿಸಬೇಕೆಂದು ಅವನೇ ಹಟ ಹಿಡಿದು ಕರೆಸಿಕೊಂಡಿದ್ದ. ಬೈಪಾಸ್ ರಸ್ತೆಯ ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿದ್ದ. ನಮ್ಮ ಮನೆಯಿಂದ ಹತ್ತಿರವೇ, ಆಟೋದಲ್ಲಿ ಹೋಗಿಬರಬಹುದಿತ್ತು.

ಆಕೆಯ ಹೆಸರು ನೆಕೇಸಾ. ನೀಲಿ ಹೂವಿನ ಬಟ್ಟೆ ತಲೆಗೆ ಕಟ್ಟಿಕೊಂಡು, ದಿಂಬಿಗೆ ಒರಗಿ, ಸ್ವಂತ ಮನೆಯ ಜಗಲಿಯಲ್ಲಿ ಕೂತವಳ ಹಾಗೆ ವಾರ್ಡಿನಲ್ಲಿ ಓಡಾಡುವವರನ್ನೆಲ್ಲ ನೋಡುತ್ತಿದ್ದಳು. ಬುಕುಸು ಬಿಟ್ಟರೆ ಸಂತೆಗೆ ಬೇಕಾದಷ್ಟು ಸ್ವಾಹಿಲಿ ಬರುತ್ತಿತ್ತು, ಇಂಗ್ಲಿಷ್ ಒಂದಕ್ಷರವೂ ಇಲ್ಲ. "ನನ್ನಿಂದ ಕೊಳಕು ಮಾತು ಕಲಿತ ಆಂಟಿ ಇವರೇ ಅಂತ ಹೇಳಿದೆ," ಎಂದು ವಾಫುಲಾ ನಕ್ಕ. ಆಕೆ ನನ್ನನ್ನು ಹತ್ತಿರ ಕೂಡಿಸಿಕೊಂಡು ಪರೀಕ್ಷೆ ಶುರು ಮಾಡಿದಳು. ಕಣ್ಣು ಮುಟ್ಟಿ ತೋರಿಸಿದಳು. ಕಮಾಸಿಕಾ ಎಂದೆ. ಬಾಟಲಿ ತೋರಿಸಿದಳು. ಕಮೇಚಿ ಎಂದೆ. ಎದೆಯ ಮೇಲೆ ಕೈಯಿಟ್ಟು ಮಗನ ಕಡೆ ಹುಬ್ಬು ಹಾರಿಸಿದಳು. ಕಮಾಬೇಲೆ ಎಂದೆ. ಆಕೆ ಮಂಚದ ಕಂಬಿ ಬಡಿದು ನಕ್ಕ ನಗುವಿಗೆ ಆ ಕಡೆಯ ಮಂಚದ ಬಂಗಾಲಿ ಮುದುಕಿ ಕೂಡ, ಏನೆಂದು ತಿಳಿಯದಿದ್ದರೂ, ಬೊಚ್ಚು ಬಾಯಿ ತೆರೆದು ನಕ್ಕಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ರಕ್ತ ಮಾತ್ರ ಬೇಕಾಯಿತು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಏರಿಸಿದ ರಕ್ತಕ್ಕೆ ಬದಲಾಗಿ ಮನೆಯವರು ತಮ್ಮ ರಕ್ತ ಕೊಡುವ ಪದ್ಧತಿ ಇದೆಯಲ್ಲ, ಹಾಗೆ ವಾಫುಲಾ ಕೊಟ್ಟುಬಂದ. ತಾಯಿಗೆ ಎಚ್ಚರ ಬಂದಾಗ ತಲೆಯ ಮೇಲೆ ಕೆಂಪು ಚೀಲ ತೂಗುತ್ತಿತ್ತು, ಎದುರಿಗೆ ನಿಂತ ಮಗನ ಮೊಣಕೈ ಒಳಗೆ ಹತ್ತಿಯ ಪಟ್ಟಿ ಇತ್ತು. ಆ ಚೀಲದಲ್ಲಿರುವುದು ಅವನದೇ ರಕ್ತವೆಂದು ಆಕೆ ತಿಳಿದಳು. ಬ್ಲಡ್ ಬ್ಯಾಂಕಿನ ವ್ಯವಹಾರ ಬಿಡಿಸಿ ಹೇಳಲು ಅವನೂ ಹೋಗಲಿಲ್ಲ. ಆಕೆ ಅವನ ತೋಳು ಹಿಡಿದು ಬಹಳ ಹೊತ್ತು ಬೈದಳು.

"ಏನನ್ನುತ್ತಾರೆ?" ಎಂದು ಕೇಳಿದೆ.

"ನಾನು ಕೊಟ್ಟದ್ದನ್ನ ನನಗೇ ವಾಪಸ್ ಕೊಡೋಕೆ ನೀನ್ಯಾರು ಅಂತಿದ್ದಾಳೆ," ಎಂದ ವಾಫುಲಾ. ಬೈಸಿಕೊಂಡದ್ದಕ್ಕೆ ಅವನಿಗೆ ಭಾರೀ ಸಂತೋಷವಾಗಿತ್ತು.

ಆ ಮಳೆಗಾಲ ಕಸ್ಬಾದ ಮನೆಮನೆಯಲ್ಲೂ ಜ್ವರ. ನಮ್ಮ ಕಟ್ಟಡದಲ್ಲೇ ಇಬ್ಬರಿಗೆ ಡೆಂಗಿ ಆಗಿತ್ತು. ತಾಯಿಯ ಹೊಲಿಗೆ ಬಿಚ್ಚುವ ಮೊದಲೇ ವಾಫುಲಾನೂ ಅದೇ ಜ್ವರದಲ್ಲಿ ಮಲಗಿದ. ಅದೇ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಗಂಡಸರ ವಾರ್ಡು, ತಾಯಿ ಇದ್ದದ್ದು ನಾಲ್ಕನೆಯದರಲ್ಲಿ. ಮಂಚದಿಂದಲೇ ಮೊಬೈಲಿನಲ್ಲಿ, ನನ್ನ ಫೋನಿಗೆ, ತಾಯಿಯ ಹತ್ತಿರ ಮಾತಾಡುತ್ತಿದ್ದ. ಪರೀಕ್ಷೆ ಇದೆ, ಓದಿಕೊಳ್ಳುತ್ತಿದ್ದೇನೆ ಎಂದು ಹೇಳಿದ್ದನಂತೆ. ಆಮೇಲೆ ಪ್ಲೇಟ್‌ಲೆಟ್ ಇಳಿಯಿತು, ವಸಡಿನಲ್ಲಿ ರಕ್ತ ಕಂಡಿತು, ಐಸಿಯುಗೆ ಒಯ್ದರು. ಅಲ್ಲಿಗೆ ಮೊಬೈಲು ಹೋಗುವುದಿಲ್ಲ. ನಾಲ್ಕನೆಯ ಮಹಡಿಯಲ್ಲಿ ಆ ತಾಯಿ, ಭೇಟಿಯ ಹೊತ್ತಿನ ಗಂಟೆ ಹೊಡೆದಾಗಲೆಲ್ಲ ಎದ್ದು ಕೂತು ಬಾಗಿಲು ನೋಡುತ್ತಿದ್ದಳು. ನಾನು ಒಳಗೆ ಹೋದರೆ ನನ್ನ ಹಿಂದೆ ನೋಡುತ್ತಿದ್ದಳು.

ಅವನ ಕಾಲೇಜಿನಲ್ಲಿ ಕೀನ್ಯಾದವರು ಬೇರೆ ಇರಲಿಲ್ಲ. ಸ್ವಾಹಿಲಿ ಬಲ್ಲ ಒಬ್ಬ ಟಾಂಜಾನಿಯಾದ ಹುಡುಗ ಊರಿಗೆ ಹೋಗಿದ್ದ. ವಾಫುಲಾನ ಫೋನಿನಲ್ಲಿ ಅವನ ಚಿಕ್ಕಪ್ಪನ ನಂಬರು ಸಿಕ್ಕಿತು. ಇಂಗ್ಲಿಷ್ ಬಲ್ಲ ಮನುಷ್ಯ, ಶಾಲಾ ಮಾಸ್ತರು. ನನ್ನ ಗಂಡ ನನ್ನ ಮೊಬೈಲಿನಿಂದ ಮೆಸೇಜು ಕಳಿಸಿದರು, ಆಫೀಸಿನಿಂದಲೂ ಬೂತಿನಿಂದಲೂ ಒತ್ತಿ ಒತ್ತಿ ಸಾಕಾದರು. ಪ್ರತಿ ಸಲವೂ ಒಬ್ಬ ಹೆಂಗಸಿನ ಮುದ್ರಿತ ಧ್ವನಿ ಬಹಳ ಗೌರವದಿಂದ ಏನೋ ಹೇಳುತ್ತಿತ್ತು. "ಭಾಳ ಚಂದ ಮಾತಾಡ್ತಾಳ ಬಾಯಿ, ಒಂದೂ ತಿಳೀವಲ್ದು," ಎಂದು ಅವರು ರಿಸೀವರ್ ಇಡುತ್ತಿದ್ದರು.

ಡಾಕ್ಟರು ಕನ್ನಡಕದ ಯುವತಿ. ಕಾರಿಡಾರಿನಲ್ಲಿ ನನ್ನನ್ನು ಹಿಡಿದು, "ಅವರ ಭಾಷೆ ಬರೋದು ನಿಮಗೇ ಅಲ್ಲವೇ?" ಎಂದಳು.

"ಬರುವುದಿಲ್ಲ ಡಾಕ್ಟರ್. ಕೆಲವು ಶಬ್ದ ಅಷ್ಟೇ."

"ಸಾಕು. ತಾಯಿ ಊಟ ಬಿಟ್ಟಿದ್ದಾರೆ. ಹೊಲಿಗೆ ಇನ್ನೂ ಹಸಿ, ಐಸಿಯುಗೆ ಕರೆತರುವಂತಿಲ್ಲ. ಮಗನಿಗೆ ಹುಷಾರಿಲ್ಲ, ನೋಡಿಕೊಳ್ಳುತ್ತಿದ್ದೇವೆ, ಹೆದರಬೇಡಿ ಅಂತ ಹೇಳಿ. ಅಷ್ಟು ಹೇಳಿದರೆ ಸಾಕು."

ಅಷ್ಟು! ಆ ಅಷ್ಟರಲ್ಲಿ ನನಗೆ ಬರುವುದು ಒಂದೂ ಇರಲಿಲ್ಲ. ಮಗ ಎನ್ನುವುದು ನೆಂಟಸ್ತಿಕೆಯ ಗಂಟಿನಲ್ಲಿತ್ತು, ಅದು ಬೇರೆಯವರ ಪಾಲು. ಹೆದರಬೇಡ ಎನ್ನುವುದು ಫೇಸ್ ಟು. ನಾಲ್ಕನೆಯ ಮಹಡಿಗೆ ಹೋದೆ. ಆಕೆಯ ಕೈ ಹಿಡಿದುಕೊಂಡೆ. ವಾಫುಲಾ ಎಂದೆ, ಬೆರಳನ್ನು ಕೆಳಗಿನ ಮಹಡಿಯ ಕಡೆ ತೋರಿಸಿದೆ. ಕಣ್ಣು ಮುಚ್ಚಿ ತಲೆ ವಾಲಿಸಿ ಮಲಗಿದ್ದಾನೆ ಎಂದು ತೋರಿಸಿದೆ. ಯಾಕೆ ಎಂದು ಆಕೆ ಕೇಳಿದ್ದು ಮುಖದಲ್ಲೇ ತಿಳಿಯಿತು. ಉತ್ತರವಾಗಿ ಕೊಡಲು ನನ್ನ ಹತ್ತಿರ ಇದ್ದದ್ದು ಒಂದೇ ಮಾತು, ಅದನ್ನೇ ಕೊಟ್ಟೆ.

"ಕಮಾಫುಕಿ," ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಆಸ್ಪತ್ರೆಯ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಮೊಣಕೈಯ ಒಳಭಾಗ ಮೇಲೆ ಬರುವ ಹಾಗೆ ಕೈಯನ್ನು ನನ್ನ ಮುಂದೆ ಚಾಚಿದಳು. "ಕಮಾಫುಕಿ," ಎಂದಳು. ಇನ್ನೊಂದು ಕೈಯಿಂದ ತನ್ನ ನರವನ್ನು ತಟ್ಟಿ ತೋರಿಸಿದಳು.

ನನಗೆ ಆಗ ಹೊಳೆಯಿತು. ಮಗ ತನಗೆ ರಕ್ತ ಕೊಟ್ಟ, ಕೊಟ್ಟದ್ದರಿಂದ ಬಿದ್ದ, ಈಗ ಅದನ್ನು ತಿರುಗಿ ಕೊಡಬೇಕು, ಇಷ್ಟೇ ಆಕೆಯ ಲೆಕ್ಕ. ಇಲ್ಲ ತಾಯಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಸೊಳ್ಳೆ ಕಚ್ಚಿ ಬಂದ ಜ್ವರ ಇದು ಎಂದು ಹೇಳಬೇಕು. ಸೊಳ್ಳೆಗೆ ಏನನ್ನುತ್ತಾರೆ? ಹುಳಹುಪ್ಪಟೆ ಕೂಡ ನನ್ನ ಗಂಟಿನಲ್ಲಿರಲಿಲ್ಲ. ಗುಂಯ್ ಎಂದು ಬೆರಳು ಹಾರಿಸಿ ನನ್ನ ತೋಳಿಗೇ ಚುಚ್ಚಿ ತೋರಿಸಿದೆ, ಔಷಧದ ಚೀಟಿಯ ಹಿಂದೆ ಸೊಳ್ಳೆಯ ಚಿತ್ರ ಬರೆದೆ. ಆಕೆಗೆ ತಿಳಿಯಿತು, ತಲೆದೂಗಿದಳು, ಅವರ ಊರಿನಲ್ಲಿ ಸೊಳ್ಳೆಯ ಜ್ವರ ಯಾರಿಗೆ ಬಂದಿರುವುದಿಲ್ಲ? ಮಾತ್ರೆ ನುಂಗುವ ಹಾಗೆ ಮಾಡಿ ಕೈ ಕೊಡವಿದಳು. ಅದೇನು ಮಹಾ ಎನ್ನುವ ಹಾಗೆ. ಮತ್ತೆ ತೋಳು ಚಾಚಿದಳು.

ವಾರ್ಡಿನ ಸಿಸ್ಟರ್ ಬಂದು, "ಏನು ಬೇಕಂತೆ?" ಎಂದಳು.

"ಮಗನಿಗೆ ರಕ್ತ ಕೊಡುತ್ತಾರಂತೆ."

"ಅಯ್ಯೋ, ಅವರಿಗೇ ರಕ್ತ ಸಾಲದು. ಅವನಿಗೆ ಬೇಕಾದದ್ದೂ ಇದಲ್ಲ. ಆಗುವುದಿಲ್ಲ ಅಂತ ಹೇಳಿ, ದಿದಿ."

ನಾನು ಕೈ ಆಡಿಸಿದೆ, ತಲೆ ಆಡಿಸಿದೆ. ಆಕೆ ಸಿಸ್ಟರಿನ ಕಡೆ ತಿರುಗಿ ಅವಳಿಗೂ ತೋಳು ತೋರಿಸಿದಳು. ಅಂದಿನಿಂದ ಯಾರು ಹತ್ತಿರ ಬಂದರೂ, ನೆಲ ಒರೆಸುವವಳು ಬಂದರೂ, ತೋಳು ಮೇಲೇರುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗದೆ ನೀರು ತರುವ ನೆಪದಲ್ಲಿ ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ.

ಮರುದಿನ ನನ್ನ ಚೀಲ, ಪೆನ್ನು ಎಲ್ಲ ಬಾಗಿಲಲ್ಲೇ ಇಡಿಸಿಕೊಂಡು ಐಸಿಯುನಲ್ಲಿ ಒಂದು ಗಳಿಗೆ ಬಿಟ್ಟರು. ವಾಫುಲಾನ ಕಣ್ಣು ಹಳದಿ ಕೆಂಪಾಗಿತ್ತು, ತುಟಿ ಒಡೆದಿತ್ತು. ನನ್ನನ್ನು ಗುರುತಿಸಿ, "ಅಮ್ಮ?" ಎಂದ.

"ಚೆನ್ನಾಗಿದ್ದಾರೆ. ವಾಫುಲಾ, ನನಗೆ ಒಂದು ವಾಕ್ಯ ಹೇಳಿಕೊಡು. ಹೆದರಬೇಡ, ನಿನ್ನಿಂದ ಏನೂ ಆಗಿಲ್ಲ ಅಂತ. ಒಂದೇ ವಾಕ್ಯ."

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ನಿಧಾನವಾಗಿ ಏನೋ ಹೇಳಿದ. ಉದ್ದ ಇತ್ತು. ನಾನು ಹೇಳಿದೆ, ಅವನು ತಲೆಯನ್ನು ಅಲ್ಲ ಎನ್ನುವಂತೆ ಆಡಿಸಿದ. ಮತ್ತೆ ಹೇಳಿದ. ಮತ್ತೆ ಹೇಳಿದೆ. ಮೂರನೆಯ ಸಲಕ್ಕೆ ಅವನಿಗೆ ಉಸಿರು ಸಾಲಲಿಲ್ಲ, ಸಿಸ್ಟರ್ ನನ್ನ ಭುಜ ಹಿಡಿದು ಹೊರಗೆ ಕಳಿಸಿದಳು. ಲಿಫ್ಟಿನಲ್ಲಿ ಜನರ ಮಾತಿಗೆ ಮರೆತುಹೋದೀತೆಂದು ಮೆಟ್ಟಿಲು ಹತ್ತಿದೆ, ಬಾಯಲ್ಲಿ ಅದನ್ನೇ ಜಪಿಸುತ್ತ. ತೇರ್ಗಡೆಗೆ ಓದುವ ಹುಡುಗ ಕೂಡ ಹಾಗೆ ಓದಿರಲಾರ. ಯಾರೋ ಸ್ಟ್ರೆಚರ್ ಇಳಿಸುತ್ತ, "ಸೊರುನ್, ಸೊರುನ್," ಎಂದು ಕೂಗಿ ಬದಿಗೆ ಸರಿಸಿದರು. ನಾಲ್ಕನೆಯ ಮಹಡಿ ತಲುಪುವಾಗ ಮೊದಲ ಚೂರು ಮಾತ್ರ ಉಳಿದಿತ್ತು. ಅದನ್ನೇ ಆಕೆಯ ಮುಂದೆ ಹೇಳಿದೆ. ಆಕೆ ಕಿವಿ ಹತ್ತಿರ ತಂದು, ಮುಂದೆ ಹೇಳು ಎನ್ನುವಂತೆ ಕಾದಳು. ಮುಂದೆ ನನ್ನಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಇದಕ್ಕಿಂತ ಅಸಹಾಯಕಳಾಗಿ ಯಾರ ಮುಂದೆಯೂ ನಿಂತಿಲ್ಲ.

ಅದರ ಮರುದಿನ ಬೆಳಿಗ್ಗೆ ವಾಫುಲಾ ಹೋದ.

ಫೋನ್ ಬಂದಾಗ ನಾನು ಮಗಳಿಗೆ ಜಡೆ ಹಾಕುತ್ತಿದ್ದೆ. ಗಂಡ ರಜೆ ಹಾಕಿ ಕಾಲೇಜಿನವರು, ಪೊಲೀಸರು, ರಾಯಭಾರ ಕಚೇರಿ ಎಂದು ಓಡಾಡಿದರು. ನಾನು ಆಸ್ಪತ್ರೆಯ ಮೆಟ್ಟಿಲ ಬುಡದಲ್ಲಿ, ಮೇಲೆ ಹೋಗಲಾರದೆ ನಿಂತಿದ್ದೆ. ಆಗ ಚಿಕ್ಕಪ್ಪನ ಫೋನ್ ಬಂತು. ಊರಿನಲ್ಲಿ ಸಿಗ್ನಲ್ ಇಲ್ಲದ ಕಡೆ ಇದ್ದರಂತೆ, ಈಗ ಪೇಟೆಗೆ ಬಂದು ಮೆಸೇಜು ನೋಡಿದರಂತೆ. ನಾನು ಹೇಳಿದೆ.

"ಅವಳಿಗೆ ಗೊತ್ತೇ?" ಎಂದರು.

"ಇಲ್ಲ. ನಾನು ಮೇಲೆ ಹೋಗಿ ಫೋನ್ ಅವರ ಕೈಗೆ ಕೊಡುತ್ತೇನೆ. ನೀವು ಹೇಳಿ."

"ಬೇಡ. ಇಂಥ ಸುದ್ದಿಯನ್ನು ನಾವು ದೂರದಿಂದ ಹೇಳುವುದಿಲ್ಲ, ತಂಗಿ. ಹೇಳಿದವನು ಅವಳ ಪಕ್ಕದಲ್ಲಿ ಇರಬೇಕು. ಬಿದ್ದರೆ ಹಿಡಿಯಬೇಕು. ಅವಳ ಸುತ್ತ ಅಳುವ ಜನ ಇರಬೇಕು. ನಾನು ಬರುತ್ತೇನೆ. ಕಾಗದ ಪತ್ರ ಆಗುವವರೆಗೆ ಹೇಳಬೇಡಿ."

"ಅಲ್ಲಿಯವರೆಗೆ ನಾನೇನು ಮಾಡಲಿ?"

"ಕೂತಿರಿ. ಅವಳ ಹತ್ತಿರ ಕೂತಿರಿ."

ಗಂಡನಿಗೆ ಇದನ್ನು ಹೇಳಿದಾಗ ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡು, "ಹೇಳಬ್ಯಾಡಾ ಅಂದ್ರ ಹೇಳಬ್ಯಾಡ. ಆದ್ರ ಆಕಿ ಮುಂದ ಅಳಬ್ಯಾಡ ನೀ," ಎಂದರು.

"ಹೇಳಬೇಕಂದ್ರೂ ಯಾವ ಭಾಷಾದಾಗ ಹೇಳ್ಲಿ ನಾ?" ಎಂದು ಅವರ ಮೇಲೆಯೇ ಹರಿಹಾಯ್ದೆ. ಅವರು ನನ್ನ ಕೈಗೆ ನೀರಿನ ಬಾಟಲಿ ಕೊಟ್ಟರು. ವಾಫುಲಾನನ್ನು ಆಗ ಕೆಳಗೆ, ನೆಲಮಾಳಿಗೆಯಲ್ಲಿ, ತಣ್ಣಗೆ ಇಡುವ ಕೋಣೆಗೆ ಒಯ್ದಿದ್ದರು. ತಾಯಿ ಅದರ ಮೇಲೆ ನಾಲ್ಕನೆಯ ಮಹಡಿಯಲ್ಲಿದ್ದಳು. ಮುಖ ತೊಳೆದುಕೊಂಡು ಲಿಫ್ಟು ಹತ್ತಿದೆ.

ಆಕೆ ಸ್ನಾನ ಮಾಡಿಸಿಕೊಂಡು, ತಲೆಗೆ ಅದೇ ನೀಲಿ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಆ ದಿನ ಗಂಜಿ ಕುಡಿದಿದ್ದಳು, ಖಾಲಿ ಬಟ್ಟಲು ಮೇಜಿನ ಮೇಲಿತ್ತು. ಕುಡಿದರೆ ರಕ್ತ ಆಗುತ್ತದೆಂದು ಕುಡಿದಿದ್ದಾಳೆ ಎಂದು ನನಗೆ ಬಟ್ಟಲು ತೋರಿಸಿದ ರೀತಿಯಲ್ಲೇ ತಿಳಿಯಿತು. ನನ್ನ ಹಿಂದೆ ಬಾಗಿಲ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಅಂಗಿಯ ತೋಳು ಸರಿಸಿ ಕೈ ಚಾಚಿದಳು.

ನಾನು ತಲೆ ಅಲ್ಲಾಡಿಸಲಿಲ್ಲ. ಅಲ್ಲಾಡಿಸಿದರೆ ಇನ್ನು ಬೇಕಾಗಿಲ್ಲ ಎಂದಾಗುತ್ತಿತ್ತು, ಯಾಕೆ ಬೇಕಾಗಿಲ್ಲ ಎಂದು ಆಕೆ ನನ್ನ ಮುಖ ನೋಡುತ್ತಿದ್ದಳು. ಸ್ಟೂಲು ಎಳೆದುಕೊಂಡು ಕೂತೆ. ಬೇರೇನೂ ತೋಚದೆ ಆ ತೋಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನ ತೊಡೆಯ ಮೇಲಿಟ್ಟುಕೊಂಡೆ. ಭಾರವಾದ, ದುಡಿದ ತೋಳು. ಮೊಣಕೈಯ ಒಳಗೆ ಬೆವರಿತ್ತು, ಸೆರಗಿನಿಂದ ಒರೆಸಿದೆ.

ಒರೆಸಿದ್ದನ್ನು ನೋಡಿ ಆಕೆಯ ಮುಖ ಅರಳಿತು. ಕೊನೆಗೂ ರಕ್ತ ತೆಗೆದುಕೊಳ್ಳಲು ಒಪ್ಪಿದರು ಎಂದುಕೊಂಡಳು. ಮುಷ್ಟಿ ಬಿಗಿ ಹಿಡಿದು, ಕಣ್ಣು ಮುಚ್ಚಿ, ಸೂಜಿ ಚುಚ್ಚುವುದನ್ನು ನೋಡಲಾರದವರು ಮಾಡುವ ಹಾಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕಾಯತೊಡಗಿದಳು.